ಕಟ್ಟಿಗೆ ತರಲು ಹೋದ ಪ್ಯಾಲಡಿನ್

ಕಾಳಗ ಮುಗಿದಿದೆ. ಡಕಾಯಿತರಲ್ಲಿ ಮೂವರು ಸತ್ತಿದ್ದಾರೆ, ಇಬ್ಬರು ಓಡಿಹೋಗಿದ್ದಾರೆ, ಒಬ್ಬ ಸಿಕ್ಕಿಬಿದ್ದಿದ್ದಾನೆ. ಈಗ ಅವನನ್ನು ಏನು ಮಾಡೋದು?

ಫ್ಯಾಂಟಸಿ ರೋಲ್‌ಪ್ಲೇ ಆಟ ಆಡುವ ಯಾವ ಟೇಬಲ್‌ಗೆ ಹೋದರೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕತ್ತಿ ಬೀಸೋದಕ್ಕೆ ನಿಯಮದ ಪುಸ್ತಕದಲ್ಲಿ ಪುಟಗಟ್ಟಲೆ ಜಾಗ ಇದೆ. ಬಾಣ ಎಷ್ಟು ದೂರ ಹೋಗುತ್ತದೆ, ಕತ್ತಲಲ್ಲಿ ಹೊಡೆದರೆ ಏನಾಗುತ್ತದೆ, ಎಲ್ಲ ಬರೆದಿದ್ದಾರೆ. ಕೈ ಕಟ್ಟಿಸಿಕೊಂಡು ಕೂತವನ ವಿಷಯಕ್ಕೆ ಬಂದರೆ ಹೆಚ್ಚೇನೂ ಸಿಗೋದಿಲ್ಲ. ಅಲ್ಲಿಂದ ಮುಂದೆ ಮಾತಾಡಬೇಕಾದವರು ಟೇಬಲ್ ಸುತ್ತ ಕೂತವರು. ಒಬ್ಬರು ಪಾಪ ಬಿಟ್ಟುಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಬಿಟ್ಟರೆ ನಾಳೆ ಇವನೇ ಹತ್ತು ಮಂದಿ ಕರ್ಕೊಂಡು ಬರ್ತಾನೆ ಅನ್ನುತ್ತಾರೆ. ಮೂರನೆಯವರಿಗೆ ಅವನ ಬೂಟಿನ ಮೇಲೆ ಕಣ್ಣು. ಕಾಳಗಕ್ಕೆ ಅರ್ಧ ಗಂಟೆ ಹಿಡಿದಿದ್ದರೆ ಈ ಜಗಳಕ್ಕೆ ಇಡೀ ಸಂಜೆ ಬೇಕು.

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇಂಥ ಸಂಜೆಗಳೇ. ಒಳ್ಳೆಯ ಗುಂಪುಗಳು ಮುರಿದುಬೀಳೋದೂ ಇಂಥ ಸಂಜೆಗಳಲ್ಲೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಟೇಬಲ್ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಂತ್ರಗಾತಿ, ಒಬ್ಬ ಕಳ್ಳ. ಪಾತ್ರದ ವಿವರ ಒಂದು ಹಾಳೆಯಲ್ಲಿ ಇರುತ್ತದೆ. ಇನ್ನೊಬ್ಬರು ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್. ಊರು, ಕಾಡು, ರಾಜ, ರಾಕ್ಷಸ, ಮಳೆ ಎಲ್ಲ ಅವರ ಕೈಯಲ್ಲಿ. ‘ನಾನು ಗೋಡೆ ಹತ್ತುತ್ತೇನೆ’ ಅಂತ ಆಟಗಾರ ಹೇಳಿದರೆ, ಹತ್ತಿದನೋ ಬಿದ್ದನೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬೋರ್ಡ್ ಬೇಕೇಬೇಕು ಅಂತಿಲ್ಲ, ಗೆದ್ದವರು ಸೋತವರು ಅಂತಲೂ ಇಲ್ಲ. ಕೂಡಿ ಕಥೆ ಕಟ್ಟೋದು, ಅಷ್ಟೇ.

ನಮ್ಮ ಟೇಬಲ್ ಇರೋದು ಧಾರವಾಡದ ಸಪ್ತಾಪುರದಲ್ಲಿ, ಒಬ್ಬ ಗೆಳೆಯನ ಮಾಳಿಗೆ ಮೇಲಿನ ರೂಮಿನಲ್ಲಿ. ಡಿಎಂ ನಾನು. ಹುಬ್ಬಳ್ಳಿಯವರು ಭಾನುವಾರ ಮಧ್ಯಾಹ್ನ ಚಿಗರಿ ಬಸ್ ಹತ್ತಿ ಬರುತ್ತಾರೆ. ಬ್ಯಾಂಕಿನ ಆಫೀಸರ್ ಒಬ್ಬರು, ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಒಬ್ಬ, ಗದಗಿನ ಕಡೆಯ ಕನ್ನಡ ಟೀಚರ್ ಒಬ್ಬರು, ಬಟ್ಟೆ ಅಂಗಡಿಯ ಮಾಲೀಕರೊಬ್ಬರು. ಟೀಚರನ್ನು ಎಲ್ಲರೂ ಅಕ್ಕಾರ ಅಂತ ಕರೆಯುತ್ತೇವೆ. ಗಿರ್ಮಿಟ್ಟು ಮಿರ್ಚಿ ತರುವ ಪಾಳಿ ಒಬ್ಬೊಬ್ಬರದು. ಎಣ್ಣೆ ಕೈಯಲ್ಲಿ ದಾಳ ಮುಟ್ಟಬಾರದು ಅನ್ನೋದು ನಮ್ಮ ಟೇಬಲ್ಲಿನ ಮೊದಲ ಕಾನೂನು. ಅದನ್ನು ಯಾರೂ ಪಾಲಿಸೋದಿಲ್ಲ.

ಪಾತ್ರಗಳ ನಡುವಿನ ಧರ್ಮಸಂಕಟವನ್ನು ಹಾಳೆಯ ಮೇಲೇ ಬಗೆಹರಿಸಿಬಿಡಬಹುದು ಅಂತ ಈ ಆಟ ಮಾಡಿದವರಿಗೂ ಒಂದು ಕಾಲದಲ್ಲಿ ಅನ್ನಿಸಿತ್ತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಆಗ ಪ್ರತಿ ಪಾತ್ರಕ್ಕೂ ಅಲೈನ್‌ಮೆಂಟ್ ಅಂತ ಒಂದು ಗುರುತು ಇತ್ತು. ಮೂರೇ ಬಗೆ: ಲಾ ಅಂದರೆ ಕಟ್ಟುಪಾಡು, ಕೇಯಾಸ್ ಅಂದರೆ ಅರಾಜಕತೆ, ನಡುವೆ ನ್ಯೂಟ್ರಲ್. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನೋದಕ್ಕಿಂತ ಯಾವ ಪಾಳಯದವನು ಅನ್ನೋದನ್ನೇ ಅದು ಜಾಸ್ತಿ ಹೇಳುತ್ತಿತ್ತು. ಆಮೇಲೆ ಗುಡ್, ಈವಿಲ್ ಅನ್ನುವ ಇನ್ನೊಂದು ಗೆರೆ ಅಡ್ಡ ಬಂತು. 1978ರ ಆಟಗಾರರ ಕೈಪಿಡಿ ಹೊತ್ತಿಗೆ ಮೂರು ಮೂರಲೆ ಒಂಬತ್ತು ಮನೆಗಳಾದವು. ಲಾಫುಲ್ ಗುಡ್‌ನಿಂದ ಕೇಯಾಟಿಕ್ ಈವಿಲ್‌ವರೆಗೆ ಎಲ್ಲಿ ಬೇಕಾದರೂ ಕೂರಬಹುದು.

ಇದರಲ್ಲಿ ದೊಡ್ಡ ತಲೆನೋವು ಪ್ಯಾಲಡಿನ್. ದೇವರ ಹೆಸರಲ್ಲಿ ಕತ್ತಿ ಹಿಡಿದ ವೀರ. 1975ರಲ್ಲಿ ಬಂದ ಈ ಪಾತ್ರ ಮೊದಲು ಲಾಫುಲ್, 1978ರ ಹೊತ್ತಿಗೆ ಲಾಫುಲ್ ಗುಡ್ ಆಗಿರಲೇಬೇಕಿತ್ತು. ಗೊತ್ತಿದ್ದೂ ಒಂದು ಕೆಟ್ಟ ಕೆಲಸ ಮಾಡಿದರೆ ಪ್ಯಾಲಡಿನ್‌ಗಿರಿ ಕಾಯಂ ಆಗಿ ಹೋಯಿತು ಅಂತ 1978ರ ಕೈಪಿಡಿ ಹೇಳುತ್ತದೆ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲೂ, ಗೊತ್ತಿದ್ದೂ ದುಷ್ಟರ ಜೊತೆ ಸೇರಬಾರದು, ತನ್ನ ನೀತಿಗೆ ಮತ್ತೆ ಮತ್ತೆ ಧಕ್ಕೆ ತರುವವರ ಸಹವಾಸ ಬಿಡಬೇಕು ಅಂತಲೇ ಇತ್ತು.

ಓದೋದಕ್ಕೆ ಚೆನ್ನಾಗಿದೆ ಅಲ್ವಾ? ಆಡೋದಕ್ಕೆ ಕೂತಾಗ ಇದರ ಅರ್ಥ ಬೇರೆಯೇ ಆಗುತ್ತದೆ. ಒಬ್ಬರ ಹಾಳೆಯಲ್ಲಿ ಬರೆದ ನಿಯಮ ಉಳಿದ ನಾಲ್ಕೂ ಜನರ ಕೈ ಕಟ್ಟುತ್ತದೆ. ಕಳ್ಳನ ಪಾತ್ರ ಹಿಡಿದವರು ಬೀಗ ಒಡೆಯಲು ಹೋದರೂ ಪ್ಯಾಲಡಿನ್ ಅಡ್ಡ ನಿಲ್ಲುತ್ತಾನೆ. ಅವನನ್ನು ಸುಮ್ನೆ ಬೈಯೋ ಹಾಗೂ ಇಲ್ಲ. ಬಿಟ್ಟುಕೊಟ್ಟರೆ ಅವನ ಶಕ್ತಿಯೇ ಹೋಗುತ್ತದೆ. ಹಾಗಾಗಿ ಎಷ್ಟೋ ಟೇಬಲ್‌ಗಳು ಒಂದು ಉಪಾಯ ಕಂಡುಕೊಂಡವು. ಕೆಟ್ಟ ಕೆಲಸ ಮಾಡೋ ಹೊತ್ತಿಗೆ ಪ್ಯಾಲಡಿನ್‌ನನ್ನು ಕಟ್ಟಿಗೆ ತರಲು ಕಳಿಸೋದು. ಅವನು ನೋಡಲಿಲ್ಲ, ಹಾಗಾಗಿ ಅವನ ಪುಣ್ಯ ಉಳಿಯಿತು! ಇದನ್ನು ಹೇಳಿ ಎಲ್ಲರೂ ನಗುತ್ತಾರೆ. ನನಗೆ ಅಷ್ಟು ನಗು ಬರೋದಿಲ್ಲ. ಕಟ್ಟಿಗೆ ತರಲು ಹೋದ ಪಾತ್ರದ ಹಿಂದೆ ಒಬ್ಬ ಆಟಗಾರ ಇದ್ದಾನೆ. ಅಂದಿನ ಸಂಜೆಯ ಮುಖ್ಯ ಘಳಿಗೆಯಿಂದ ಅವನನ್ನು ಹೊರಗೆ ಕೂರಿಸಿದ ಹಾಗಾಯಿತು.

2008ರ ನಾಲ್ಕನೇ ಆವೃತ್ತಿ ಒಂಬತ್ತು ಮನೆಗಳನ್ನು ಐದಕ್ಕೆ ಇಳಿಸಿತು. 2014ರ ಐದನೇ ಆವೃತ್ತಿ ಒಂಬತ್ತನ್ನು ಮತ್ತೆ ತಂದರೂ ಅದರ ಹಲ್ಲು ಕಿತ್ತಿತು. ಪ್ಯಾಲಡಿನ್‌ಗೆ ಈಗ ಇರೋದು ತಾನೇ ಆರಿಸಿಕೊಂಡ ಪ್ರತಿಜ್ಞೆ. ಒಳ್ಳೆಯ ಬದಲಾವಣೆ. ನಮ್ಮ ಟೇಬಲ್‌ನಲ್ಲಿ ನಾವು ಅಲೈನ್‌ಮೆಂಟ್ ಖಾನೆಯನ್ನೇ ಖಾಲಿ ಬಿಡುತ್ತೇವೆ. ಅದರ ಬದಲು ಹಾಳೆಯ ಹಿಂದೆ ಎರಡು ಸಾಲು ಬರೆಯಬೇಕು. ಈ ಪಾತ್ರ ಏನನ್ನು ಎಂದೂ ಮಾಡೋದಿಲ್ಲ? ಮತ್ತೆ, ಯಾರಿಗೋಸ್ಕರ ಅದನ್ನೂ ಮಾಡಿಬಿಡಬಹುದು? ಎರಡನೇ ಸಾಲು ಬರೆಯೋದಕ್ಕೆ ಜನ ಬಹಳ ಹೊತ್ತು ತಗೊಳ್ತಾರೆ.

ಈಗ ಆ ಸಿಕ್ಕಿಬಿದ್ದವನ ವಿಷಯಕ್ಕೆ ಬರ್ತೀನಿ.

ಕಳೆದ ಮಳೆಗಾಲದ ಆಟ. ಕಣಜ ಸುಟ್ಟು ಓಡಿದ ಡಕಾಯಿತರ ಗುಂಪಿನ ಒಬ್ಬ ಹುಡುಗ ಸಿಕ್ಕಿದ್ದ. ಹದಿನಾರರ ಪ್ರಾಯ. ಬೇವಿನ ಮರಕ್ಕೆ ಕಟ್ಟಿದ್ದರು. ಬೆಳಗಾಗೋದರೊಳಗೆ ಗುಂಪು ಇನ್ನೊಂದು ಹಳ್ಳಿಗೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾವ ಹಳ್ಳಿ ಅನ್ನೋದು ಆ ಹುಡುಗನಿಗೆ ಮಾತ್ರ ಗೊತ್ತು. ಶರಣಾದರೆ ಕೂದಲು ಕೊಂಕದ ಹಾಗೆ ನೋಡಿಕೊಳ್ತೀನಿ ಅಂತ ಪ್ಯಾಲಡಿನ್ ಚೆನ್ನವೀರ ಅವನಿಗೆ ಮಾತು ಕೊಟ್ಟಿದ್ದ. ಚೆನ್ನವೀರನ ಪಾತ್ರ ಎಂಜಿನಿಯರಿಂಗ್ ಹುಡುಗನದು. ಕಳ್ಳ ಮಿಂಚುಳ್ಳಿಯ ಪಾತ್ರ ಬ್ಯಾಂಕ್ ಆಫೀಸರದು. ಇಬ್ಬರ ವಯಸ್ಸಿಗೂ ಮೂವತ್ತು ವರ್ಷದ ಹತ್ತಿರ ಅಂತರ.

ಮಿಂಚುಳ್ಳಿ ಸೊಂಟದಿಂದ ಚಾಕು ತೆಗೆದ. ಆಫೀಸರು ತಮ್ಮ ಪೆನ್ನನ್ನೇ ಚಾಕುವಿನಂತೆ ಹಿಡಿದಿದ್ದರು.

‘ಚೆನ್ನವೀರಾ, ನೀ ಸ್ವಲ್ಪ ಅತ್ತಾಗ ಹೋಗಿ ಕಟ್ಟಿಗಿ ಆರಿಸ್ಕೊಂಡ್ ಬಾರೋ.’

‘ನಾ ಎಲ್ಲೂ ಹೋಗಂಗಿಲ್ಲ. ಅವಂಗ ಮಾತು ಕೊಟ್ಟೀನಿ.’

‘ಮಾತು ಕೊಟ್ಟಾಂವ ನೀ. ನಾ ಕೊಟ್ಟಿಲ್ಲ.’

‘ಅವನ ಮೈ ಮುಟ್ಟಿದ್ರ ನಿನ್ನ ಕೈ ಕಡೀತೀನಿ ನೋಡು.’

ಇಲ್ಲಿವರೆಗೆ ಟೇಬಲ್ ಬಿಸಿಯಾಗಿತ್ತು, ಚೆಂದವೂ ಇತ್ತು. ಬಟ್ಟೆ ಅಂಗಡಿಯವರು ಮಿರ್ಚಿ ಅರ್ಧಕ್ಕೇ ಬಿಟ್ಟು ಕೇಳುತ್ತಿದ್ದರು. ಇಬ್ಬರ ಕೈಗೂ ದಾಳ ಬಂತು. ಆಗ ಎಂಜಿನಿಯರಿಂಗ್ ಹುಡುಗ ಇನ್ನೊಂದು ಮಾತು ಹೇಳಿದ: ‘ನೀವು ಪ್ರತಿ ಸಲಾನೂ ಹಿಂಗ ಮಾಡ್ತೀರಿ ಸರ್.’

ನಮ್ಮ ಕಡೆ ಡಿಎಂ ಆದವರು ಕಿವಿ ಕೊಡಬೇಕಾದದ್ದು ಇದಕ್ಕೆ. ಆಟದೊಳಗೆ ಎಲ್ಲರೂ ಏಕವಚನ. ಮಗನ ವಯಸ್ಸಿನವನು ಆಫೀಸರ ಪಾತ್ರಕ್ಕೆ ಲೇ ಅಂತಾನೆ, ಕಳ್ಳ ಅಂತಾನೆ, ಯಾರಿಗೂ ಏನೂ ಅನ್ನಿಸೋದಿಲ್ಲ. ಆಟ ಬಿಟ್ಟ ತಕ್ಷಣ ನೀವು, ಸರ್, ಅಕ್ಕಾರ. ಪಾತ್ರಗಳ ಜಗಳದ ನಡುವೆ ದಿಢೀರನೆ ನೀವು, ಸರ್ ನುಸುಳಿದರೆ ಚೆನ್ನವೀರ ಎದ್ದು ಹೋಗಿದ್ದಾನೆ ಅಂತ ತಿಳಿಯಬೇಕು. ಈಗ ಮಾತಾಡುತ್ತಿರೋದು ಹುಡುಗ. ‘ಪ್ರತಿ ಸಲಾನೂ’ ಅಂದದ್ದು ಡಕಾಯಿತನ ವಿಷಯವೇ ಅಲ್ಲ. ಹಿಂದೆ ಎಂದೋ ನಿಧಿ ಹಂಚಿಕೊಂಡಾಗ, ಬಾಗಿಲು ತೆರೆದಾಗ ಆದ ಬೇಜಾರೆಲ್ಲ ಅದರಲ್ಲಿ ಸೇರಿಕೊಂಡಿದೆ. ದೊಡ್ಡವರು ಅಂತ ಆವತ್ತು ಅವನು ಬಾಯಿ ಬಿಟ್ಟಿರಲಿಲ್ಲ. ಅಮೆರಿಕದ ಆಟಗಾರರು ಬರೆದ ಸಲಹೆಗಳಲ್ಲಿ ಇದು ಸಿಗೋದಿಲ್ಲ. ಅವರಲ್ಲಿ ಎಲ್ಲರಿಗೂ ಒಂದೇ ‘ಯೂ’.

ಚಹಾ ಹೇಳಿದೆ. ದಾಳ ಕೆಳಗಿಟ್ಟರು.

ಚಹಾ ಕುಡಿಯುವಾಗ ಯಾರು ಸರಿ ಅಂತ ಕೇಳಲಿಲ್ಲ. ಈ ಜಗಳ ನಿಮಗೆ ಬೇಕಾ, ಬೇಕಿದ್ದರೆ ಎಲ್ಲಿಗೆ ಹೋಗಿ ಮುಟ್ಟಿದರೆ ಮಜಾ ಅಂತ ಕೇಳಿದೆ. ಆಫೀಸರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಯಾರರ ನನ್ನ ಕೈ ಹಿಡೀಲಿ ಅಂತ ಕಾಯಾಕತ್ತಿದ್ನಿ.’ ಮಿಂಚುಳ್ಳಿಯ ತಮ್ಮನನ್ನು ಯಾವುದೋ ಠಾಣೆಯಲ್ಲಿ ಹೀಗೇ ಹಿಂಸೆ ಕೊಟ್ಟು ಕೊಂದಿದ್ದರು. ಅದು ಅವರ ಹಾಳೆಯಲ್ಲಿತ್ತು. ನಾನು ಓದಿದ್ದೆ, ಹುಡುಗ ಓದಿರಲಿಲ್ಲ. ತನಗಾದದ್ದನ್ನೇ ಇನ್ನೊಬ್ಬರಿಗೆ ಮಾಡಲು ಹೊರಟವನನ್ನು ಗೆಳೆಯನೊಬ್ಬ ತಡೆಯಬೇಕು ಅನ್ನೋದು ಆಫೀಸರ ಆಸೆ. ಅವರಿಗೆ ವಾದ ಗೆಲ್ಲೋದು ಬೇಕಿರಲಿಲ್ಲ. ಚೆನ್ನಾಗಿ ಸೋಲೋದು ಬೇಕಿತ್ತು.

ಆಟದಲ್ಲಿ ಇದು ಬಹಳ ಸಲ ಆಗುತ್ತದೆ. ಕೆಟ್ಟದ್ದು ಮಾಡಲು ಹೊರಟ ಪಾತ್ರದ ಹಿಂದಿನ ಆಟಗಾರ ‘ಬೇಡ’ ಅನ್ನೋರು ಯಾರಾದರೂ ಇದ್ದಾರಾ ಅಂತ ನೋಡುತ್ತಿರುತ್ತಾನೆ. ಎದುರಿಗಿದ್ದವನಿಗೆ ಅದು ತಿಳಿಯೋದಿಲ್ಲ. ಎದುರು ಹಾಕಿಕೊಂಡ ಅಂತ ಅವನು ಕತ್ತಿ ಎತ್ತುತ್ತಾನೆ. ಎರಡು ನಿಮಿಷ ಪಾತ್ರ ಬಿಟ್ಟು ಮಾತಾಡಿದರೆ ಆಟದ ಗುಂಗು ಕೆಡುತ್ತದೆ ಅನ್ನೋರಿದ್ದಾರೆ. ನಾನು ಒಪ್ಪೋದಿಲ್ಲ. ನಾಟಕದವರು ತಾಲೀಮಿನಲ್ಲಿ ಎಷ್ಟು ಸಲ ನಿಲ್ಲಿಸಿ ಮಾತಾಡುತ್ತಾರೆ! ನಮಗೆ ತಾಲೀಮೂ ಪ್ರದರ್ಶನವೂ ಒಂದೇ ಸಂಜೆ.

ಮತ್ತೆ ಆಟಕ್ಕೆ ಕೂತೆವು. ಮಿಂಚುಳ್ಳಿ ಚಾಕು ಇಳಿಸಿದ. ಚೆನ್ನವೀರ ಕತ್ತಿ ಎತ್ತಲಿಲ್ಲ, ತನ್ನ ಅಂಗೈ ನಡುವೆ ತಂದ. ಚಾಕು ಅಂಗೈಗೆ ಬಿತ್ತು. ದಾಳ ಹಾಕಿಸಲಿಲ್ಲ, ಇಬ್ಬರೂ ಒಪ್ಪಿಕೊಂಡು ಮಾಡಿದ್ದು. ಮರಕ್ಕೆ ಕಟ್ಟಿದ್ದ ಹುಡುಗ ಬಾಯಿ ಬಿಡಲಿಲ್ಲ. ಬೆಳಗಿನ ಜಾವ ಪಡುವಣ ದಿಕ್ಕಿನಲ್ಲಿ ಹೊಗೆ ಎದ್ದಿತು. ಇವರು ಮುಟ್ಟೋ ಹೊತ್ತಿಗೆ ತಡವಾಗಿತ್ತು. ಮಿಂಚುಳ್ಳಿ ಹೇಳಿದ್ದು ಇಷ್ಟೇ: ‘ನಿನ್ನ ಮಾತು ಉಳೀತು. ಊರು ಉಳೀಲಿಲ್ಲ.’

ಅಕ್ಕಾರು ನನ್ನ ಮೇಲೆ ಬಿದ್ದರು. ಪ್ಯಾಲಡಿನ್ ಮಾಡಿದ್ದು ತಪ್ಪು ಅಂತ ತೋರಿಸಲಿಕ್ಕೆ ಊರು ಸುಟ್ಟಿರಿ ಅಲ್ಲೇನು ಅಂತ. ನ್ಯಾಯವಾದ ಪ್ರಶ್ನೆ. ಡಿಎಂ ಕೈಯಲ್ಲಿ ಇಡೀ ಲೋಕ ಇರುತ್ತದೆ. ತನಗೆ ಹಿಡಿಸಿದ ನೀತಿ ಗೆಲ್ಲೋ ಹಾಗೆ ಮಳೆ ಸುರಿಸಬಹುದು, ಬೆಂಕಿ ಹಚ್ಚಬಹುದು. ಒಂದು ಸಲ ಹಾಗೆ ಮಾಡಿದರೆ ಸಾಕು, ಮುಂದಿನ ಸಲದಿಂದ ಆಟಗಾರರು ತಮ್ಮ ಪಾತ್ರ ಏನು ಮಾಡುತ್ತಾನೆ ಅಂತ ಯೋಚಿಸೋದು ಬಿಟ್ಟು ಡಿಎಂಗೆ ಏನು ಇಷ್ಟ ಅಂತ ಯೋಚಿಸುತ್ತಾರೆ. ನಾನು ಅಕ್ಕಾರಿಗೆ ನನ್ನ ನೋಟ್‌ಬುಕ್ಕಿನ ಪುಟ ತೋರಿಸಿದೆ. ಆಟ ಶುರುವಾಗೋ ಮುಂಚೆಯೇ ಅಲ್ಲಿ ಬರೆದಿತ್ತು: ಗುಂಪು ಯಾವ ಹಳ್ಳಿಗೆ ಹೋಗುತ್ತದೆ, ಯಾವ ಹೊತ್ತಿಗೆ, ಹುಡುಗನಿಗೆ ಎಷ್ಟು ಗೊತ್ತು. ಕೊನೆಯ ಸಾಲು: ಹೆದರಿಸಿದರೆ ಹುಡುಗ ಸುಳ್ಳು ಹಳ್ಳಿಯ ಹೆಸರು ಹೇಳುತ್ತಾನೆ. ಅಂದರೆ ಮಿಂಚುಳ್ಳಿಯ ದಾರಿಯಲ್ಲೂ ಊರು ಉಳಿಯುತ್ತಿರಲಿಲ್ಲ. ಕಾಡಿನ ಜಾಡು ಹಿಡಿದಿದ್ದರೆ ಉಳಿಯುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ, ಜಗಳದಲ್ಲಿದ್ದರು.

ಧರ್ಮಸಂಕಟ ಬರುತ್ತದೆ ಅಂತ ಅನ್ನಿಸಿದ ಕಡೆ ಲೋಕದ ಸಂಗತಿಗಳನ್ನು ಮೊದಲೇ ಬರೆದಿಡೋದು ನನಗೆ ಗೊತ್ತಿರೋದರಲ್ಲಿ ಎಲ್ಲಕ್ಕಿಂತ ಉಪಯೋಗದ ಅಭ್ಯಾಸ. ಆಮೇಲೆ ಏನೇ ಆಗಲಿ, ಅದು ಆಯ್ಕೆಯ ಬೆಲೆಯಾಗಿರುತ್ತದೆ. ತೀರ್ಪು ಅಂತ ಯಾರಿಗೂ ಅನ್ನಿಸೋದಿಲ್ಲ.

ಇನ್ನು ಆ ಪ್ರಸಿದ್ಧ ನೆಪ. ‘ನನ್ನ ಕ್ಯಾರೆಕ್ಟರ್ ಹಂಗ ಅದಾನ್ರೀ, ನಾ ಏನ್ ಮಾಡ್ಲಿ?’ ಗೆಳೆಯರ ಚೀಲ ಕದ್ದವನೂ ಇದನ್ನೇ ಹೇಳುತ್ತಾನೆ, ಮಾತಾಡಲು ಬಂದ ದೂತನನ್ನು ಇರಿದವನೂ ಇದನ್ನೇ ಹೇಳುತ್ತಾನೆ. ಪ್ಯಾಲಡಿನ್ ಕೂಡ ಇದನ್ನೇ ಹೇಳುತ್ತಾನೆ, ಸ್ವಲ್ಪ ಗಂಭೀರವಾಗಿ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಿನ್ನ ಪಾತ್ರವನ್ನು ಬರೆದವರು ಯಾರಪ್ಪಾ? ಆಕಾಶದಿಂದ ಉದುರಿತೇ? ಆ ಘಳಿಗೆಯಲ್ಲಿ ಪಾತ್ರಕ್ಕೆ ಒಪ್ಪುವ ನಾಲ್ಕು ದಾರಿ ಇರುತ್ತವೆ. ಅದರಲ್ಲಿ ಎಲ್ಲರ ಆಟ ಕೆಡಿಸುವ ಒಂದನ್ನೇ ಆರಿಸಿದ್ದು ಆಟಗಾರ. ಕದಿಯುವ ಚಟದವನು ಕದ್ದ ಮೇಲೆ ಸಿಕ್ಕಿಬೀಳಬಹುದು, ಕದಿಯಲು ಹೋಗಿ ಕೈ ನಡುಗಬಹುದು, ಕದ್ದದ್ದನ್ನು ರಾತ್ರಿ ವಾಪಸ್ ಇಡಬಹುದು. ಎಲ್ಲವೂ ‘ಹಂಗೇ’ ಇರುವವನು ಮಾಡುವಂಥವೇ.

ಆದರೆ ಕೊಟ್ಟ ಮಾತು, ತೊಟ್ಟ ಪಣ ಇದ್ದಾಗ ಏನು ಮಾಡೋದು? ಸುಮ್ನೆ ಬಾಗಿಸಿದರೆ ಪಾತ್ರಕ್ಕೆ ಬೆನ್ನೆಲುಬೇ ಇಲ್ಲ ಅನ್ನಿಸುತ್ತದೆ. ಇದಕ್ಕೆ ಉತ್ತರ ತಂದವರು ಅಕ್ಕಾರು. ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂತು ನಾರಣಪ್ಪ ಭಾರತ ಬರೆದ ಅಂತ ಹೇಳುವ ಊರಿನ ಕಡೆಯವರು, ಮಾತು ಮಾತಿಗೆ ಮಹಾಭಾರತ ಬರೋದು ಸಹಜ. ಅವರು ನೆನಪಿಸಿದ್ದು ಕರ್ಣಪರ್ವದ ಜಗಳ.

ಕರ್ಣನ ಬಾಣ ತಿಂದು ಧರ್ಮರಾಯ ಬಿಡಾರಕ್ಕೆ ಬಂದು ಮಲಗಿದ್ದಾನೆ. ಅರ್ಜುನ ನೋಡಲು ಬರುತ್ತಾನೆ. ಕರ್ಣನನ್ನು ಕೊಂದೇ ಬಂದಿದ್ದಾನೆ ಅಂದುಕೊಂಡ ಅಣ್ಣನಿಗೆ, ಇಲ್ಲ ಅಂತ ತಿಳಿದಾಗ ಸಿಟ್ಟು ನೆತ್ತಿಗೇರುತ್ತದೆ. ಆ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಅನ್ನುತ್ತಾನೆ. ಅರ್ಜುನ ಕತ್ತಿ ಹಿರಿಯುತ್ತಾನೆ. ಗಾಂಡೀವ ಬೇರೆಯವರಿಗೆ ಕೊಡು ಅಂದವರ ತಲೆ ತೆಗೆಯುತ್ತೇನೆ ಅಂತ ಅವನದೊಂದು ಗುಟ್ಟಿನ ಪಣ. ಯುದ್ಧದ ನಟ್ಟನಡುವೆ, ಒಂದೇ ಪಾರ್ಟಿಯ ಇಬ್ಬರು, ಅದೂ ಅಣ್ಣತಮ್ಮಂದಿರು! ‘ನನ್ನ ಕ್ಯಾರೆಕ್ಟರ್ ಹಂಗ ಅದಾನ್ರೀ’ ಅಂತ ಹೇಳೋದಕ್ಕೆ ಅರ್ಜುನನಿಗಿಂತ ಒಳ್ಳೆ ಕಾರಣ ಯಾರಿಗೂ ಇರಲಿಕ್ಕಿಲ್ಲ.

ಕೃಷ್ಣ ಏನು ಮಾಡುತ್ತಾನೆ ನೋಡಿ. ಪಣ ಬಿಡು ಅಂತ ಹೇಳಿ ಅವನು ನಿಲ್ಲಿಸೋದಿಲ್ಲ. ಮೊದಲು ಕೌಶಿಕನ ಕಥೆ ಹೇಳುತ್ತಾನೆ. ಸುಳ್ಳು ಹೇಳೋದಿಲ್ಲ ಅಂತ ವ್ರತ ಹಿಡಿದ ಆ ತಪಸ್ವಿ, ಅಡಗಿ ಕೂತವರ ಜಾಗವನ್ನು ದರೋಡೆಕೋರರಿಗೆ ತೋರಿಸಿಬಿಟ್ಟ. ಸತ್ಯ ಹೇಳಿಯೂ ನರಕಕ್ಕೆ ಹೋದ. ಪ್ಯಾಲಡಿನ್ ಆಡುವವರೆಲ್ಲ ಈ ಕಥೆ ಓದಬೇಕು. ಆಮೇಲೆ ಕೃಷ್ಣ ದಾರಿ ಹೇಳುತ್ತಾನೆ. ಹಿರಿಯರನ್ನು ಏಕವಚನದಲ್ಲಿ ಹೀಯಾಳಿಸಿದರೆ ಕೊಂದ ಹಾಗೆಯೇ. ಬೈ, ಪಣ ತೀರುತ್ತದೆ. ಅರ್ಜುನ ಬೈಯುತ್ತಾನೆ. ಬೈದ ಮೇಲೆ ನಾಚಿಕೆಯಾಗಿ ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ಅದಕ್ಕೂ ದಾರಿ ಇದೆ: ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಇಷ್ಟಾದ ಮೇಲೆ ಧರ್ಮರಾಯ ಎದ್ದು, ನಾನು ಕಾಡಿಗೆ ಹೋಗ್ತೀನಿ, ಭೀಮನೇ ರಾಜನಾಗಲಿ ಅನ್ನುತ್ತಾನೆ. ಮುಂದಿನ ವಾರದಿಂದ ಆಟಕ್ಕೆ ಬರಲ್ಲ ಅಂತ ಹಾಳೆ ಮಡಚುವ ಆಟಗಾರ ಕಣ್ಣ ಮುಂದೆ ಬಂದ ಅಲ್ವಾ? ಅವನನ್ನೂ ಸಮಾಧಾನ ಮಾಡಬೇಕು. ಅರ್ಜುನ ಕಾಲಿಗೆ ಬೀಳುತ್ತಾನೆ. ಆಮೇಲೆ ಅರ್ಜುನನೂ ಕೃಷ್ಣನೂ ಕರ್ಣನ ಕಡೆ ಹೊರಡುತ್ತಾರೆ.

ಪಣ ಮುರಿಯಲಿಲ್ಲ, ಅಣ್ಣ ಸಾಯಲಿಲ್ಲ. ಆದರೆ ಪುಕ್ಕಟೆಯಾಗಿ ಏನೂ ಆಗಲಿಲ್ಲ. ಬೈದದ್ದು ಬೈದದ್ದೇ. ಆ ನೋವು ಇಬ್ಬರಿಗೂ ತಟ್ಟಿತು. ಡಿಎಂ ಹುಡುಕಬೇಕಾದ್ದು ಇಂಥ ದಾರಿಯನ್ನು. ಪಾತ್ರದ ಹಟ ಉಳಿಯಬೇಕು, ಅದಕ್ಕೊಂದು ಬೆಲೆ ಇರಬೇಕು, ಇಬ್ಬರೂ ಒಂದೇ ಕಡೆ ನಡೆಯೋದಕ್ಕೆ ಕಾರಣ ಉಳಿದಿರಬೇಕು. ಚೆನ್ನವೀರನ ಅಂಗೈಗೆ ಚಾಕು ಬಿದ್ದದ್ದೂ ಹಾಗೇ.

ದಾಳದ ವಿಷಯ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಜಗಳ ಬಂದ ಕೂಡಲೇ ‘ಪರ್ಸುಯೇಷನ್ ರೋಲ್ ಮಾಡ್ಲಾ?’ ಅನ್ನೋರು ಬಹಳ. ಅಂದರೆ ದಾಳ ಹಾಕಿ ಇನ್ನೊಬ್ಬ ಆಟಗಾರನ ಪಾತ್ರವನ್ನು ಒಪ್ಪಿಸಿಬಿಡೋದು. ನಮ್ಮಲ್ಲಿ ಅದು ನಡೆಯೋದಿಲ್ಲ. ಹಗ್ಗ ಹರಿಯಿತಾ ಅನ್ನೋದನ್ನು ದಾಳ ಹೇಳಲಿ. ಯಾರು ಸರಿ ಅನ್ನೋದನ್ನು ದಾಳಕ್ಕೆ ಬಿಟ್ಟರೆ ಪಂಚರು ಚೀಟಿ ಎತ್ತಿ ತೀರ್ಪು ಕೊಟ್ಟ ಹಾಗೆ.

ಹಾಗಂತ ದಾಳ ಈ ಕೆಲಸಕ್ಕೆ ಬರೋದೇ ಇಲ್ಲ ಅಂತಲ್ಲ. ಅದಕ್ಕಾಗಿಯೇ ಕಟ್ಟಿದ ಆಟಗಳಿವೆ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ತಂದ ಪೆಂಡ್ರ್ಯಾಗನ್‌ನಲ್ಲಿ ಪ್ರತಿ ನೈಟ್‌ಗೂ, ಅಂದರೆ ಕುದುರೆ ಏರಿದ ವೀರನಿಗೂ, 13 ಜೋಡಿ ಗುಣಗಳು. ಕರುಣೆ ಮತ್ತು ಕ್ರೌರ್ಯ ಒಂದು ಜೋಡಿ, ಕ್ಷಮೆ ಮತ್ತು ಸೇಡು ಇನ್ನೊಂದು. ಪ್ರತಿ ಜೋಡಿಯ ಮೊತ್ತ 20. ಕರುಣೆ 14 ಇದ್ದರೆ ಕ್ರೌರ್ಯ 6. ಇಕ್ಕಟ್ಟಿನ ಹೊತ್ತಿನಲ್ಲಿ ನಿಮ್ಮ ನೈಟ್ ಏನು ಮಾಡಿದ ಅಂತ ದಾಳ ಹಾಕಿ ತಿಳಿಯಬೇಕಾಗಬಹುದು. ನಿಮಗೇ ಆಶ್ಚರ್ಯ ಆಗಬಹುದು. ಅಲ್ಲಿ ಅದು ಚೆನ್ನ. ಆ ಷರತ್ತು ಒಪ್ಪಿಕೊಂಡೇ ಎಲ್ಲರೂ ಕೂತಿರುತ್ತಾರೆ. ವಿನ್ಸೆಂಟ್ ಬೇಕರ್ 2004ರಲ್ಲಿ ತಂದ ಡಾಗ್ಸ್ ಇನ್ ದ ವಿನ್‌ಯಾರ್ಡ್ ಇನ್ನೂ ಚುರುಕು. ಜಗಳ ಮಾತಿನಲ್ಲಿ ಶುರುವಾಗುತ್ತದೆ. ಸೋಲುತ್ತಿದ್ದೀರಾ? ಕೈ ಮಾಡಿ, ಇನ್ನಷ್ಟು ದಾಳ ಸಿಗುತ್ತವೆ. ಇನ್ನೂ ಸೋಲುತ್ತಿದ್ದೀರಾ? ಬಂದೂಕು ತೆಗೆಯಿರಿ. ಈ ವಾದ ಗೆಲ್ಲಲು ಗೆಳೆಯನಿಗೆ ಗುಂಡು ಹೊಡೀತೀಯಾ ಅಂತ ಆಟವೇ ಕೇಳುತ್ತದೆ. ಬೇಡ ಅಂದರೆ ಸೋಲು ಒಪ್ಪಿಕೊಳ್ಳಬಹುದು. ಅದೇ ಬೇಕರ್ ದಂಪತಿಯ ಅಪೊಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಇನ್ನೊಬ್ಬ ಆಟಗಾರನ ಪಾತ್ರದ ಮನ ಒಲಿಸಲು ದಾಳ ಹಾಕಿ ಗೆದ್ದರೂ ಒಪ್ಪಲೇಬೇಕು ಅಂತಿಲ್ಲ. ಒಪ್ಪಿದರೆ ಅವನಿಗೆ ಅನುಭವದ ಅಂಕ ಸಿಗುತ್ತದೆ. ಲಂಚ ಅನ್ನಿ ಬೇಕಾದರೆ, ಕೆಲಸ ಮಾಡುತ್ತದೆ.

ನಮ್ಮ ಟೇಬಲ್ಲಿನ ನಿಯಮ ಅಷ್ಟು ಜಾಣತನದ್ದಲ್ಲ. ಒಂದು ಪಾತ್ರ ಇನ್ನೊಂದು ಪಾತ್ರಕ್ಕೆ ಏನಾದರೂ ಮಾಡಿದರೆ, ಅದು ಆಯಿತೋ ಇಲ್ಲವೋ ಅಂತ ಹೇಳೋದು ಅನುಭವಿಸುವವರು. ನೀವು ನನ್ನ ಜೇಬಿಗೆ ಕೈ ಹಾಕಿದಿರಾ? ಹಣ ಹೋಯಿತೋ, ಕೈ ಸಿಕ್ಕಿತೋ, ನಾನು ಹೇಳ್ತೀನಿ. ಬಟ್ಟೆ ಅಂಗಡಿಯವರು ಮೊದಲು ಇದಕ್ಕೆ ಬಹಳ ವಿರೋಧ ಮಾಡಿದರು. ಹಂಗಾದ್ರ ಎಲ್ಲರೂ ‘ಸಿಕ್ಕಿಬಿದ್ದಿ’ ಅಂತನ ಹೇಳ್ತಾರ ಅನ್ನೋದು ಅವರ ವಾದ. ಆದದ್ದು ಉಲ್ಟಾ. ತಮ್ಮ ಕೈಯಲ್ಲೇ ಇದೆ ಅಂತ ಗೊತ್ತಾದಾಗ ಜನ ಧಾರಾಳವಾಗಿ ಕಳೆದುಕೊಳ್ಳುತ್ತಾರೆ. ಅವರ ಮಂತ್ರಗಾತಿಯೇ ಕೊರಳಿನ ತಾಯಿತ ಕಳಕೊಂಡಳು. ಅವರಾಗಿಯೇ ‘ಹೋತು’ ಅಂದರು, ಆಮೇಲೆ ಅದನ್ನು ಹುಡುಕಿಕೊಂಡು ಇಡೀ ಪಾರ್ಟಿಯನ್ನು ಅಲೆಸಿದರು.

ಎಲ್ಲ ಗೆರೆಗಳೂ ಪಾತ್ರದವಲ್ಲ, ಕೆಲವು ಮನುಷ್ಯರವು. ಇಂಥ ಆಟಗಳನ್ನು ಕಟ್ಟುವ ರಾನ್ ಎಡ್ವರ್ಡ್ಸ್ ಹೇಳಿಕೊಟ್ಟ ಲೈನ್ಸ್ ಮತ್ತು ವೇಲ್ಸ್ ಇದಕ್ಕೇ ಇರೋದು. ಆಟದಲ್ಲಿ ಬರಲೇಬಾರದ ವಿಷಯ ಯಾವುದು, ಬಂದರೂ ಪರದೆ ಹಿಂದೆ ಆಗಬೇಕಾದ್ದು ಯಾವುದು ಅಂತ ಮೊದಲೇ ಹೇಳಿಕೊಳ್ಳೋದು. ಜಾನ್ ಸ್ಟಾವ್ರೊಪೌಲೊಸ್ ಅವರ ಎಕ್ಸ್ ಕಾರ್ಡ್ ಇನ್ನೂ ಸರಳ: ಟೇಬಲ್ ನಡುವೆ ಒಂದು ಕಾರ್ಡ್, ತಡೆಯಲಾಗದಿದ್ದರೆ ಮುಟ್ಟಿ, ಯಾರೂ ಯಾಕೆ ಅಂತ ಕೇಳೋದಿಲ್ಲ. ನಮ್ಮಲ್ಲಿ ಕಾರ್ಡ್ ಇದೆ. ದೊಡ್ಡವರ ಎದುರು ಚಿಕ್ಕವರು ಅದನ್ನು ಮುಟ್ಟೋದಿಲ್ಲ. ಹಾಗಾಗಿ ಆಟಕ್ಕೆ ಮುಂಚೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಕೇಳುತ್ತೇನೆ. ಫೋನಿನಲ್ಲಿ ಬಾಯಿ ಬಿಡುತ್ತಾರೆ. ಯಾರು ಹೇಳಿದ್ದು ಅಂತ ಟೇಬಲ್‌ನಲ್ಲಿ ಹೇಳೋದಿಲ್ಲ, ನನ್ನ ಕಡೆಯಿಂದಲೇ ಬೇಡ ಅನ್ನುತ್ತೇನೆ.

ಇಷ್ಟೆಲ್ಲ ಮಾಡಿಯೂ ಕೆಲವು ಪಾತ್ರಗಳು ಜೊತೆಗಿರಲು ಆಗೋದಿಲ್ಲ. ಚಳಿಗಾಲ ಬರೋ ಹೊತ್ತಿಗೆ ಮಿಂಚುಳ್ಳಿಗೂ ಚೆನ್ನವೀರನಿಗೂ ಮಾತೇ ಉಳಿದಿರಲಿಲ್ಲ. ಎಳೆದು ಕಟ್ಟಿ ಕೂರಿಸಿದರೆ ಇಬ್ಬರೂ ಸುಳ್ಳಾಗುತ್ತಿದ್ದರು. ಆಫೀಸರು ತಾವಾಗಿಯೇ ಹಾಳೆ ನನ್ನ ಕೈಗಿಟ್ಟರು. ಮಿಂಚುಳ್ಳಿ ಈಗ ಡಿಎಂ ಪಾತ್ರ. ಒಂದೇ ಷರತ್ತು: ಅವನು ದೊಡ್ಡದೇನಾದರೂ ಮಾಡೋ ಮುಂಚೆ ನಾನು ಆಫೀಸರನ್ನು ಕೇಳಬೇಕು. ಪಾತ್ರ ಹೊರಟರೂ ಆಟಗಾರ ಕೂತಲ್ಲೇ ಇರಬೇಕು, ಅದು ಮುಖ್ಯ.

ಮುಂದಿನ ಭಾನುವಾರ ಆಫೀಸರು ಹೊಸ ಹಾಳೆ ತಂದರು. ಸುಂಕದ ಕಟ್ಟೆಯ ಅಧಿಕಾರಿ, ಕಾನೂನು ಬಿಟ್ಟು ಒಂದು ಹೆಜ್ಜೆ ಇಡದವನು, ತಪ್ಪಿಗೆ ಶಿಕ್ಷೆ ಆಗಲೇಬೇಕು ಅನ್ನುವವನು. ಹುಡುಗ ಹಾಳೆಯ ಹಿಂದಿನ ಎರಡು ಸಾಲು ಓದಿದ. ‘ಸರ್, ಇಂವ ನಮ್ಮನ್ನೆಲ್ಲಾ ಜೈಲಿಗೆ ಹಾಕ್ತಾನ. ಇವನ ಜೋಡಿ ಚೆನ್ನವೀರ ಯಾಕ ಇರ್ಬೇಕು?’ ಅಂತ ಕೇಳಿದ. ಇಬ್ಬರೂ ಕುರ್ಚಿ ಎಳಕೊಂಡು ಕೂತು ಅದನ್ನೇ ಮಾತಾಡಿದರು. ಹಳೆಯ ಬರಗಾಲದಲ್ಲಿ ಚೆನ್ನವೀರನ ತಾಯಿ ಈ ಅಧಿಕಾರಿಯ ಮನೆಗೆ ಜೋಳ ಕೊಟ್ಟಿದ್ದಳು, ಅದೂ ಕಳ್ಳಸಾಗಣೆಯ ಜೋಳ. ಅವನಿಗೆ ಅದು ಗೊತ್ತು, ತಿಂದಿದ್ದಾನೆ, ಎಲ್ಲೂ ಬರೆದಿಲ್ಲ. ‘ಸಾಕಲ್ಲ?’ ಅಂದರು ಆಫೀಸರು. ಹುಡುಗ ದಾಳ ತಗೊಂಡ.